ಮೂರನೇ ಬಂಗಲೆಯ ಹಾಸಿಗೆಯಡಿ

ಜುಲೈ 14, ಮಂಗಳವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಸವಾಯಿ ದ್ವೀಪದ ಪಶ್ಚಿಮ ತೀರದ ಪೊಲೀಸ್ ಠಾಣೆಯಲ್ಲಿ ಕಾನ್‌ಸ್ಟೇಬಲ್ ಎತಿ ಎರಡನೇ ಲೋಟ ಕೋಕೋ ಕುಡಿಯುತ್ತಿದ್ದಾಗ ಫಾಲೆತೋಲು ಹಳ್ಳಿಯ ಲೂಪೆ ಒಳಗೆ ಬಂದಳು. ಅರವತ್ತೆರಡರ ವಿಧವೆ. ಕಡಲತೀರದಲ್ಲಿ ಪ್ರವಾಸಿಗರಿಗಾಗಿ ಐದು ಬಂಗಲೆ ನಡೆಸುವವಳು. ಬಸ್ಸಿಗೂ ಕಾಯದೆ ಎರಡು ಮೈಲಿ ನಡೆದು ಬಂದಿದ್ದಳು.

"ಕಳ್ತನ ಆಗಿದೆ," ಎಂದಳು.

ಎತಿ ಲೋಟ ಕೆಳಗಿಟ್ಟ. ಈ ಠಾಣೆಯಲ್ಲಿ ಕಳವೆಂದರೆ ಹಂದಿ, ಇಲ್ಲವೇ ಬಾಳೆಗೊನೆ. ಹಂದಿ ಸಂಜೆಗೆ ತಾನೇ ಮನೆಗೆ ಬರುತ್ತದೆ. ಬಾಳೆಗೊನೆ ಯಾರ ಹೊಟ್ಟೆ ಸೇರಿತೆಂದು ಊರಿಗೆಲ್ಲ ಗೊತ್ತಿರುತ್ತದೆ.

"ಹಂದಿನಾ ಅಕ್ಕ?"

"ಹಂದಿ ಆಗಿದ್ರೆ ನಿನ್ನತ್ರ ಬರ್ತಿದ್ನಾ? ಈಯೆ ತೋಗಾ."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ವಾಯೋಲಾ ಆ ಮಾತು ಕೇಳಿ ಎದ್ದು ಹೊರಗೆ ಬಂದಳು. ಈಯೆ ತೋಗಾ ಎಂದರೆ ಸಿರಿಚಾಪೆ. ಕೇದಗೆಯ ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ, ಬಟ್ಟೆಯಷ್ಟು ಮೃದುವಾಗಿ ಹೆಣೆದು, ಅಂಚಿಗೆ ಕೆಂಪು ಗರಿ ಕಟ್ಟಿದ್ದು. ಅದರ ಮೇಲೆ ಯಾರೂ ಕೂರುವುದಿಲ್ಲ. ಮದುವೆ, ಸಾವು, ಯಜಮಾನಿಕೆ ಪಟ್ಟ, ಎಲ್ಲದಕ್ಕೂ ಅದು ಒಂದು ಕುಟುಂಬದಿಂದ ಇನ್ನೊಂದು ಕುಟುಂಬಕ್ಕೆ ಹೋಗಬೇಕು. ನಲವತ್ಮೂರು ವರ್ಷದ ವಾಯೋಲಾ ಹದಿನೆಂಟು ವರ್ಷದ ಸೇವೆಯಲ್ಲಿ ಸಿರಿಚಾಪೆ ಕಳವಾದ ದೂರು ಬರೆದುಕೊಂಡವಳಲ್ಲ.

"ಯಾರು ಹೆಣೆದಿದ್ದು?"

"ನನ್ನ ತಂಗಿ ಫೆತು. ಅವಳು ಹೋಗಿ ಎರಡು ವರ್ಷ ಆಯ್ತು. ನನ್ನ ಮಗಳು ತಾಲಿತಾ ಮದ್ವೆಗೆ ಅಂತ್ಲೇ ಇಟ್ಟು ಹೋದ್ಲು. ಈ ಶನಿವಾರ ಮದ್ವೆ."

"ಎಲ್ಲಿಟ್ಟಿದ್ರಿ?"

"ಮೂರನೇ ಬಂಗ್ಲೆ ಹಾಸಿಗೆ ಕೆಳಗೆ."

ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ. ಸಿರಿಚಾಪೆಗಳು ಎಲ್ಲರ ಮನೆಯಲ್ಲೂ ಹಾಸಿಗೆಯ ಕೆಳಗೇ ಇರುತ್ತವೆ. ಮೈಭಾರಕ್ಕೆ ಮಡಿಕೆ ಸರಿಯಾಗಿ ಕೂರುತ್ತದೆ. ಆದರೂ ಎತಿಗೆ ಕೇಳದೆ ಇರಲಾಗಲಿಲ್ಲ.

"ಅತಿಥಿ ಮಲಗೋ ಹಾಸಿಗೆ ಕೆಳಗಾ ಅಕ್ಕ?"

"ನಮ್ಮನೇಲಿ ತೂಕದೋರು ಯಾರಿದಾರಪ್ಪ? ಆ ಬಿಳಿಯಪ್ಪ ನೂರು ಕಿಲೋ ಇದಾನೆ. ಇಸ್ತ್ರಿ ಹಾಕ್ದಂಗೆ ಆಗ್ತಿತ್ತು."

ಎತಿ ದೂರಿನ ನಮೂನೆ ತುಂಬುತ್ತ ಬಂದು ಮೌಲ್ಯದ ಕಲಮಿನಲ್ಲಿ ನಿಂತ. "ಬೆಲೆ ಎಷ್ಟು ಅಂತ ಬರೀಲಿ?"

"ಬೆಲೆ ಅಂತೆ ಬೆಲೆ. ಆರು ವರ್ಷ ಅಂತ ಬರಿ."

ಎತಿ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವಳು ತಲೆಯಾಡಿಸಿದಳು. ಹಾಗೆಯೇ ಬರೆದ. 9 ಗಂಟೆ 05 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಲೂಪೆ ಸಹಿ ಹಾಕಿದಳು. ಶನಿವಾರ ಗಂಡಿನ ಕಡೆಯವರ ಮುಂದೆ ಮಗಳು ಬರಿಗೈಯಲ್ಲಿ ನಿಂತರೆ ಫೆತುವಿಗೆ ಕೊಟ್ಟ ಮಾತು ನೀರುಪಾಲಾದಂತೆ. ಊರಿನಲ್ಲಿ ತಲೆ ಎತ್ತಿ ನಡೆಯುವಂತೆಯೂ ಇರಲಿಲ್ಲ.

"ಊರ ಯಜಮಾನ್ರಿಗೆ ತಿಳಿಸಿದೀರಾ?" ಎಂದು ವಾಯೋಲಾ ಕೇಳಿದಳು.

"ಲೆವಾಸಾಗೆ ಹೇಳ್ದೆ. ಬಿಳಿಯಪ್ಪನ ಚೀಲ ಜಾಲಾಡಿ ಅಂತಾನೆ. ಅವನೇ ಕಳ್ಳ ಆಗಿದ್ರೆ ಬಂಗ್ಲೆ ಮುಚ್ಸು ಅಂತಾನೆ. ಊರೋನೇ ಆಗಿದ್ರೆ ಊರಿಂದ್ಲೇ ಆಚೆ ಹಾಕ್ತಾನಂತೆ."

"ನಿಮ್ಗೆ ಯಾರ್ ಮೇಲಾದ್ರೂ ಅನುಮಾನ?"

"ನಂಗೆ ಚಾಪೆ ಬೇಕಮ್ಮ. ಕಳ್ಳ ನಿಮಗಿರ್ಲಿ."

10 ಗಂಟೆ 10 ನಿಮಿಷಕ್ಕೆ ವಾಯೋಲಾ ಮತ್ತು ಎತಿ ಸ್ಥಳಕ್ಕೆ ತಲುಪಿದರು. ಬಂಗಲೆ ಎಂಬುದು ಅತಿಥಿಗಳ ಬಾಯಿಯ ಮಾತು. ನೆಲದಿಂದ ಮೊಣಕಾಲೆತ್ತರದ ಜಗಲಿ, ಸುತ್ತ ಕಂಬ, ಮೇಲೆ ಗರಿಯ ಮಾಡು. ಗೋಡೆಯಿಲ್ಲ, ಆದ್ದರಿಂದ ಬಾಗಿಲಿಲ್ಲ, ಆದ್ದರಿಂದ ಬೀಗವೂ ಇಲ್ಲ. ಮಳೆ ಬಂದರೆ ಇಳಿಬಿಡಲು ತೆಂಗಿನಗರಿಯ ತಟ್ಟಿ. ಒಂದು ಹಾಸಿಗೆ, ಒಂದು ಸೊಳ್ಳೆಪರದೆ, ಎದುರಿಗೆ ಸಮುದ್ರ. ಇಪ್ಪತ್ತಾರು ವರ್ಷಗಳಿಂದ ಹೀಗೇ ನಡೆದಿದೆ. ಅತಿಥಿಗಳು ಬಿಟ್ಟುಹೋದ ಚಪ್ಪಲಿಗಳನ್ನೂ ಲೂಪೆ ಸಾಲಾಗಿ ಜೋಡಿಸಿಟ್ಟಿದ್ದಾಳೆ, ಅವರು ಮತ್ತೆ ಬರುತ್ತಾರೆಂದು. ಹಲವರು ಬಂದೂ ಇದ್ದಾರೆ.

ಲೆವಾಸಾ ಮತ್ತು ಪಾದ್ರಿಯ ಹೆಂಡತಿ ಪಂಚರಾಗಿ ನಿಂತರು. ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಹಾಸಿಗೆ ಇದ್ದ ಜಾಗದಲ್ಲೇ ಇದೆ. ದೂರುದಾರರು ಎತ್ತಿ ನೋಡಿದ ಒಂದು ಮೂಲೆ ಬಿಟ್ಟರೆ, ಹೊದಿಕೆಯ ಉಳಿದ ಮೂರು ಮೂಲೆಯನ್ನೂ ಒಪ್ಪವಾಗಿ ಸಿಕ್ಕಿಸಲಾಗಿದೆ. ಹಾಸಿಗೆಯಡಿ ಸಿರಿಚಾಪೆಯ ಬದಲು ಸಂತೆಯಲ್ಲಿ ಸಿಗುವ ಒರಟು ಚಾಪೆಯೊಂದನ್ನು ಅದೇ ಅಳತೆಗೆ ಮಡಿಸಿ ಹಾಸಲಾಗಿದೆ. ಸಮುದ್ರದ ಕಡೆಯ ತಟ್ಟಿಯೊಂದನ್ನು ಇಳಿಸಿ ಹಗ್ಗದಿಂದ ಕಂಬಕ್ಕೆ ಕಟ್ಟಲಾಗಿದೆ.

"ಕಳ್ಳ ಹಾಸಿಗೆನೂ ಹಾಸಿ ಹೋಗಿದಾನಲ್ಲ ಮೇಡಂ," ಎಂದ ಎತಿ. "ನಮ್ಮನೇಲಿ ನನ್ನ ಹೆಂಡ್ತಿ ಇಷ್ಟು ನೀಟಾಗಿ ಹಾಸಲ್ಲ."

"ನೀವು ಹಾಸ್ತೀರಾ?"

ಎತಿ ತಟ್ಟಿಯ ಗಂಟು ಬಿಚ್ಚಲು ಹೋದ. ಐದು ನಿಮಿಷ ತಿಣುಕಿದ. ಗಂಟು ಜಗ್ಗಿದಷ್ಟೂ ಬಿಗಿಯಾಯಿತು. "ಇದು ನಮ್ಮ ಊರ ಗಂಟಲ್ಲ ಮೇಡಂ, ಹಡಗಿನೋರದ್ದು." ವಾಯೋಲಾ ಗಂಟನ್ನು ಹಗ್ಗದ ಸಮೇತ ಕತ್ತರಿಸಿ ವಶಕ್ಕೆ ತೆಗೆದುಕೊಂಡಳು.

11 ಗಂಟೆಗೆ ಮೂರನೇ ಬಂಗಲೆಯ ಅತಿಥಿಯ ಹೇಳಿಕೆ. ಹೆಸರು ಗ್ರೇಮ್, ನ್ಯೂಜಿಲೆಂಡಿನ ನಿವೃತ್ತ ರೈಲು ಚಾಲಕ. ಗುರುವಾರ ಬಂದವನು, ಬುಧವಾರದ ದೋಣಿಗೆ ಹೊರಡುವವನು. ಅಲ್ಲಿನ ಸೇಬಿನ ತೋಟಗಳಲ್ಲಿ ನಾಲ್ಕು ಸುಗ್ಗಿ ದುಡಿದು ಬಂದಿದ್ದ ಎತಿಯೇ ದುಭಾಷಿ. ಚೀಲ ಶೋಧಿಸಬೇಕೆಂದಾಗ ಗ್ರೇಮ್ ತಾನೇ ಎಲ್ಲವನ್ನೂ ಜಗಲಿಯ ಮೇಲೆ ಸುರಿದ. ಮೂರು ಅಂಗಿ, ಬೆನ್ನುನೋವಿನ ಮುಲಾಮು ಎರಡು ಡಬ್ಬಿ, ಒಂದು ಪದಬಂಧದ ಪುಸ್ತಕ, ಹೆಂಡತಿಯ ಫೋಟೋ. ಲೆವಾಸಾ ಚೀಲದ ಒಳಗೆ ಕೈ ಹಾಕಿ ತಳ ಮುಟ್ಟಿ ನೋಡಿ ನಿರಾಶನಾದ.

"ಹಾಸಿಗೆ ಕೆಳಗೆ ಏನಿತ್ತು ಅಂತ ಗೊತ್ತಿತ್ತಾ?"

"ಇಲ್ಲ. ಆದ್ರೆ ನನ್ನ ಬೆನ್ನಿಗೆ ಗೊತ್ತಿತ್ತು."

"ಅಂದ್ರೆ?"

"ಭಾನುವಾರದ ತನಕ ಹಾಸಿಗೆ ಬೆಣ್ಣೆ ಇದ್ದಂಗಿತ್ತು. ಹತ್ತು ವರ್ಷದಿಂದ ನಂಗೆ ಅಂಥಾ ನಿದ್ದೆ ಇಲ್ಲ. ನಿನ್ನೆ ರಾತ್ರಿ ಮಲಗಿದ್ರೆ ಅಡಿಯಿಂದ ಚುಚ್ಚೋಕೆ ಶುರು. ಬೆಳಿಗ್ಗೆ ಎದ್ದು ಆ ಅಮ್ಮನ ಹತ್ರ ಹಾಸಿಗೆ ಬದಲಾಯ್ಸಿದ್ರಾ ಅಂತ ಕೇಳ್ದೆ. ಅವ್ರು ಹಾಸಿಗೆ ಎತ್ತಿ ನೋಡಿ ಕೂತುಬಿಟ್ರು."

ವಾಯೋಲಾ ಗುರುತು ಹಾಕಿಕೊಂಡಳು. ಕಳವು ನಡೆದದ್ದು ಸೋಮವಾರ ಹಗಲು ಅಥವಾ ಸಂಜೆ. "ನಿನ್ನೆ ನೀವು ಇಲ್ಲಿಂದ ಎದ್ದು ಹೋಗಿದ್ದು ಯಾವಾಗ?"

"ಹಗಲೆಲ್ಲ ಇಲ್ಲೇ ಬಿದ್ಕೊಂಡಿದ್ದೆ. ಸಂಜೆ ಶಂಖ ಊದ್ತಾರಲ್ಲ, ಅದಕ್ಕೆ ಸ್ವಲ್ಪ ಮುಂಚೆ ಸ್ನಾನಕ್ಕೆ ಹೋದೆ. ಅಲ್ಲಿಂದ ಸೀದಾ ಪ್ರಾರ್ಥನೆಗೆ ಆ ಅಮ್ಮನ ದೊಡ್ಡ ಮನೆಗೆ. ಆಮೇಲೆ ಊಟ."

"ಪ್ರಾರ್ಥನೆ ಹೊತ್ತಲ್ಲಿ ಯಾರಾದ್ರೂ ಓಡಾಡಿದ್ದು ನೋಡಿದ್ರಾ?"

"ಇಲ್ಲ. ಆದ್ರೆ ಒಂದು ಕೇಳ್ಬೇಕು ಅಂತಿದ್ದೆ. ನೀವು ಹಾಡುವಾಗ ಒಬ್ರು ಬೇರೆ ಕಡೆ ಕೂತು ಹಾಡೋ ಪದ್ಧತಿ ಇದ್ಯಾ?"

ಎತಿ ಅನುವಾದ ಮಾಡುವುದನ್ನು ಮರೆತು ಅವನ ಮುಖ ನೋಡಿದ.

"ನಾನು ಹಿಂದಿನ ಸಾಲಲ್ಲಿ ಕೂತಿದ್ದೆ," ಎಂದ ಗ್ರೇಮ್. "ಎರಡನೇ ಚರಣದಿಂದ ನನ್ನ ಬೆನ್ನ ಹಿಂದೆ ಒಂದು ದಪ್ಪ ದನಿ ಸೇರ್ಕೊಳ್ತು. ನನ್ನ ಬಂಗ್ಲೆ ಕಡೆಯಿಂದ. ಇಂಜಿನ್ ಸದ್ದು ಕೇಳಿ ಕೇಳಿ ಬೆಳೆದ ಕಿವಿ ನಂದು. ಎಲ್ಲಿಂದ ಬರ್ತಿದೆ ಅಂತ ಹೇಳಬಲ್ಲೆ."

ಊರಿನಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಸಾ ಎನ್ನುತ್ತಾರೆ. ಮೊದಲ ಶಂಖಕ್ಕೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಕೂರಬೇಕು. ಮೂರನೆಯದು ಊದುವ ತನಕ ಯಾರೂ ಕದಲುವಂತಿಲ್ಲ. ಊರಿನ ಯುವಕರು ರಸ್ತೆಗೂ ತೀರಕ್ಕೂ ಕಾವಲು ನಿಲ್ಲುತ್ತಾರೆ. ದನಿ ಬಂಗಲೆಯಿಂದ ಬಂದಿದ್ದರೆ ಅದು ಶಂಖದ ನಡುವೆ ಸಿಕ್ಕಿಬಿದ್ದವನ ದನಿ.

ವಾಯೋಲಾ ಅಡುಗೆಮನೆಗೆ ಹೋದಳು. ಲೂಪೆ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು.

"ನಿನ್ನೆ ಪ್ರಾರ್ಥನೆಯಲ್ಲಿ ಏನಾದ್ರೂ ವ್ಯತ್ಯಾಸ ಅನ್ಸಿತಾ?"

ಲೂಪೆಯ ಕೈ ನಿಂತಿತು. "ಯಾರು ಹೇಳಿದ್ರು?"

"ನೀವು ಹೇಳಿ."

"ನಗಬಾರ್ದು." ಲೂಪೆ ದನಿ ತಗ್ಗಿಸಿದಳು. "ನಮ್ಮನೆಯವರು ಪೆನಿ ಹೋದ್ಮೇಲೆ ನಮ್ಮನೇಲಿ ಕೆಳದನಿ ಇಲ್ಲ. ಎಲ್ಲಾ ಹೆಂಗಸರು, ಮಕ್ಕಳು. ಹಾಡು ಮೇಲೇ ತೇಲಾಡುತ್ತೆ. ನಿನ್ನೆ ತುಂಬಿ ಬಂತು. ಪೆನಿನೇ ಬಂದು ಕೂತ ಅನ್ಸ್ತು. ಕಣ್ಣು ಬಿಟ್ರೆ ಎದ್ದು ಹೋಗ್ತಾನೆ ಅಂತ ಮೂರನೇ ಶಂಖದ ತನಕ ಕಣ್ಣೇ ಬಿಡ್ಲಿಲ್ಲ."

ವಾಯೋಲಾ ನಗಲಿಲ್ಲ. ಅವಳ ಅಪ್ಪನೂ ಕೆಳದನಿಯ ಹಾಡುಗಾರನಾಗಿದ್ದ. ಅವಳಿಗೆ ಒಂದು ಕ್ಷಣ ಲೂಪೆಯ ಮೇಲೆ ಹೊಟ್ಟೆಕಿಚ್ಚಾಯಿತು, ಕಳ್ಳ ಇವಳಿಗೆ ಇಂಥದ್ದೊಂದು ಸಂಜೆಯನ್ನು ಕೊಟ್ಟುಹೋದನಲ್ಲ ಎಂದು.

ಮಧ್ಯಾಹ್ನದ ಕೆಲಸ ಸರಳವಾಗಿತ್ತು, ಬಿಸಿಲೊಂದೇ ಕಷ್ಟ. ಕಾವಲಿನ ಯುವಕರು, ಮೊದಲ ಶಂಖಕ್ಕೂ ಮೂರನೆಯದಕ್ಕೂ ನಡುವೆ ನೊಣವೂ ದಾಟಲಿಲ್ಲ ಎಂದರು. ಚರ್ಚಿನ ಹಾಡಿನ ಮೇಳ ನಡೆಸುವವಳು ಪಾದ್ರಿಯ ಹೆಂಡತಿ. ಊರಿನಲ್ಲಿ ಕೆಳದನಿಯವರು ಐವರು ಎಂದು ಅವಳು ಬೆರಳು ಮಡಿಸಿದಳು: ತನ್ನ ಗಂಡ, ಲೆವಾಸಾ, ಅಂಗಡಿಯ ಅಣ್ಣತಮ್ಮಂದಿರಿಬ್ಬರು, ಅಪೇಲು. ಎತಿ ಮನೆಮನೆಗೆ ಹೋದ. ಮೊದಲ ನಾಲ್ವರೂ ಸೋಮವಾರ ಸಂಜೆ ತಮ್ಮ ಮನೆಯ ಪ್ರಾರ್ಥನೆ ತಾವೇ ನಡೆಸಿದ್ದರು. ಒಂದೊಂದು ಮನೆಯಲ್ಲೂ ಹತ್ತು ಹನ್ನೆರಡು ಸಾಕ್ಷಿಗಳು, ಒಂದೊಂದು ಮನೆಯಲ್ಲೂ ಅವನಿಗೆ ಒಂದೊಂದು ತಟ್ಟೆ ಊಟ. ನಾಲ್ಕನೇ ಮನೆ ಮುಗಿಸಿ ಬಂದವನು ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆಯ ವಾಸನೆ ಹೊತ್ತು ವರದಿ ಒಪ್ಪಿಸಿದ.

"ಅಪೇಲು ಮನೇಲಿ?"

"ಅವ್ರು ಒಬ್ರೇ ಮೇಡಂ. ಸಾಕ್ಷಿ ಇಲ್ಲ." ಎತಿ ಬೆಳಗಿನ ಗಂಟನ್ನು ಎತ್ತಿ ತೋರಿಸಿದ. "ಹಡಗಲ್ಲಿದ್ದೋರು. ಮೀನು ಹಡಗು, ಎಂಟು ವರ್ಷ."

"ಮತ್ತೆ?"

"ಫೆತು ಗಂಡ."

ಪಾದ್ರಿಯ ಹೆಂಡತಿ ಕೇಳದೆಯೇ ಇನ್ನೊಂದು ಮಾತು ಸೇರಿಸಿದ್ದಳಂತೆ. ಅಪೇಲುವಿಗೂ ಸತ್ತ ಪೆನಿಗೂ ಒಂದೇ ದನಿ, ಮೇಳದಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲುತ್ತಿದ್ದರು, ಯಾರು ಹಾಡುತ್ತಿದ್ದಾರೆಂದು ತುಟಿ ನೋಡಿಯೇ ಹೇಳಬೇಕಿತ್ತು.

ಸಂಜೆ 5 ಗಂಟೆ 50 ನಿಮಿಷ. ಊರಿನ ಕೊನೆಯಲ್ಲಿ, ತೀರದ ಮೇಲೆಯೇ ಅಪೇಲುವಿನ ಒಂಟಿ ಫಾಲೆ, ಬಂಗಲೆಯಂತೆಯೇ ಗೋಡೆಯಿಲ್ಲದ ಮನೆ. ಅರವತ್ತರ ಗಂಡಸು, ಬೆಳ್ಳಗೆ ಒಗೆದ ಪಂಚೆ. ಎಲ್ಲ ತಟ್ಟಿಗಳೂ ಹಗಲಲ್ಲೇ ಇಳಿದಿದ್ದವು, ಮಳೆಯ ಸುಳಿವಿಲ್ಲದಿದ್ದರೂ. ಪೊಲೀಸರಿಬ್ಬರನ್ನು ಕಂಡು ಅವನು ಗಾಬರಿಯಾಗಲಿಲ್ಲ. ಎಳನೀರು ಕೆತ್ತಿ ಕೊಟ್ಟ.

"ನಿನ್ನೆ ಸಂಜೆ ಎಲ್ಲಿದ್ರಿ?" ವಾಯೋಲಾ ಕೇಳಿದಳು.

"ಊರಲ್ಲೇ."

"ಊರಲ್ಲಿ ಎಲ್ಲಿ?"

"ತೀರದ ಕಡೆ."

"ಶಂಖ ಊದಿದಾಗ?"

ಅಪೇಲು ಬಾಯಿ ತೆರೆದ. ಅದೇ ಹೊತ್ತಿಗೆ ಊರಿನ ಆ ತುದಿಯಲ್ಲಿ ಶಂಖ ಊದಿದರು. ಸ್ವಲ್ಪ ಹೊತ್ತಿಗೆ ಎರಡನೆಯದೂ ಆಯಿತು.

"ಊದಿದ್ರು," ಎಂದ ಅಪೇಲು. "ಕೂತ್ಕೊಳ್ಳಿ."

ಸಾ ಬಂದರೆ ಪೊಲೀಸರೂ ಕೂರಬೇಕು. ಅವನು ಮನೆಯ ಒಳ್ಳೆಯ ಚಾಪೆಯನ್ನು ಇನ್‌ಸ್ಪೆಕ್ಟರಿಗೆ ಹಾಸಿ, ಎತಿಗೆ ಕಂಬಕ್ಕೆ ಒರಗುವ ಜಾಗ ತೋರಿಸಿ, ತಾನು ಬರಿನೆಲದ ಮೇಲೆ ಕೂತ. ಹಾಡು ಎತ್ತಿಕೊಂಡ. ಎತಿ ಮೇಲುದನಿಯವನು, ತಡೆಯಲಾರದೆ ಸೇರಿಕೊಂಡ. ವಾಯೋಲಾ ನಡುದನಿ ಹಿಡಿದಳು. ಮೂವರೇ ಇದ್ದರೂ ಹಾಡು ಆ ಸಣ್ಣ ಮನೆಯಲ್ಲಿ ಹಿಡಿಸದಷ್ಟಾಯಿತು. ಎರಡನೇ ಚರಣದಲ್ಲಿ ಎತಿ ಕಣ್ಣರಳಿಸಿ ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವಳು ಆಗಲೇ ಅರೆಗಣ್ಣಲ್ಲಿ ಮೂಲೆಯ ಹಾಸಿಗೆ ನೋಡುತ್ತಿದ್ದಳು. ಹಾಸಿಗೆಯ ಅಂಚಿನಿಂದ ಒಂದೇ ಒಂದು ಕೆಂಪು ಗರಿ ಇಣುಕುತ್ತಿತ್ತು.

ಅಪೇಲು ತಲೆಬಾಗಿ ಪ್ರಾರ್ಥಿಸಿದ. ಹಗಲಿಗಾಗಿ, ಮೀನಿಗಾಗಿ ದೇವರಿಗೆ ಕೃತಜ್ಞತೆ ಹೇಳಿದ. ಕೊನೆಯಲ್ಲಿ, "ಕೆಲಸದ ಮೇಲೆ ನನ್ನ ಮನೆಗೆ ಬಂದಿರೋ ಈ ಇಬ್ಬರು ಅತಿಥಿಗಳ ಕೆಲಸ ಕೈಗೂಡ್ಲಿ," ಎಂದ. ಎತಿ ಆಮೆನ್ ಅಂದ.

6 ಗಂಟೆ 38ಕ್ಕೆ ಮೂರನೇ ಶಂಖ.

"ಯಜಮಾನ್ರೇ, ಹಾಸಿಗೆ ಎತ್ತಬೇಕು."

"ನಾನೇ ಎತ್ತುತ್ತೀನಿ. ನೀವು ಎಳೆದ್ರೆ ಗರಿ ಉದುರುತ್ತೆ."

ಸಿರಿಚಾಪೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅದನ್ನು ಕಟ್ಟಿದ್ದ ದಾರದ ಗಂಟು, ಎತಿ ಬೆಳಿಗ್ಗೆ ಸೋತ ಗಂಟೇ.

"ನೀವೇ ತಂದಿದ್ದಾ?"

"ನಾನೇ."

"ಹೇಗೆ?"

"ಬಿಳಿಯಪ್ಪ ಸ್ನಾನಕ್ಕೆ ಹೋಗೋದು ಕಾಯ್ತಿದ್ದೆ. ಸಂತೆ ಚಾಪೆ ಹಾಕಿ ಇದನ್ನ ತೆಗೆದೆ. ಏನೂ ಇಲ್ದೆ ಬಿಟ್ರೆ ಅವನ ಬೆನ್ನಿಗೆ ತಗ್ಗು ಬೀಳುತ್ತೆ ಅಂತ ಹಾಕಿದ್ದು. ಹೊರಡ್ಬೇಕು ಅನ್ನೋದ್ರೊಳಗೆ ಶಂಖ ಆಯ್ತು. ಹುಡುಗ್ರು ಕಾವಲಿಗೆ ಬಂದುಬಿಟ್ಟಿದ್ರು. ತಟ್ಟಿ ಇಳಿಸಿ ಕೂತೆ."

"ಹಾಡಿದ್ಯಾಕೆ? ಸುಮ್ನೆ ಕೂತಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮೊದಲ ಚರಣ ಸುಮ್ನೇ ಇದ್ದೆ. ಅಕ್ಕನ ಮನೆ ಹಾಡಿಗೆ ಕೆಳಗೆ ನೆಲಾನೇ ಇರ್ಲಿಲ್ಲ ಮೇಡಂ. ಕೇಳೋಕಾಗ್ಲಿಲ್ಲ."

ಎತಿ ಬರೆದುಕೊಳ್ಳುತ್ತಿದ್ದ. ವಾಯೋಲಾ ಕಾದಳು. ಅಪೇಲು ತಾನೇ ಮಾತು ಮುಂದುವರಿಸಿದ.

"ಫೆತು ಇದನ್ನ ಹೆಣೆಯುವಾಗ ನಾನು ಹಡಗಲ್ಲಿದ್ದೆ. ಒಂದೊಂದು ಕಾಗದದಲ್ಲೂ ಬರೀತಿದ್ಲು, ಈ ತಿಂಗಳು ಎರಡು ಬೆರಳು, ಈ ತಿಂಗಳು ಮೂರು ಬೆರಳು ಅಂತ. ನಾನು ಹಡಗಿನ ಮೇಜಿನ ಮೇಲೆ ಬೆರಳಿಟ್ಟು ನೋಡ್ತಿದ್ದೆ. ವಾಪಸ್ ಬಂದಾಗ ಮುಗಿಸಿ ಮಡಿಸಿ ಅಕ್ಕನ ಹತ್ರ ಕೊಟ್ಟಾಗಿತ್ತು. ತಾಲಿತಾ ಮದ್ವೇಲಿ ಬಿಚ್ಚಿದಾಗ ನೋಡೋರಂತೆ ಅಂದ್ಲು. ಮದ್ವೆ ಬರೋ ಹೊತ್ತಿಗೆ ಅವಳೇ ಇಲ್ಲ."

"ಶನಿವಾರ ನೋಡಬಹುದಿತ್ತಲ್ಲ?"

"ಹೆಂಗಸರು ಬಿಚ್ಚಿ ಹಿಡ್ಕೊಂಡು ಓಡ್ತಾ ಬರ್ತಾರೆ, ಜನ ಕೂಗ್ತಾರೆ, ಗಂಡಿನೋರು ಮಡಿಸಿ ಒಳಗಿಡ್ತಾರೆ. ದೋಣಿ ಹತ್ತಿದ್ರೆ ಮುಗೀತು. ಮೂರು ದಿನ ಇಟ್ಕೊಂಡು ಗುರುವಾರ ಸಂಜೆ ಅಲ್ಲೇ ಇಡೋಣ ಅಂತಿದ್ದೆ. ಆದ್ರೂ ಬಿಚ್ಚೋಕೆ ಧೈರ್ಯ ಬರ್ಲಿಲ್ಲ. ತಟ್ಟಿ ಇಳಿಸಿ ಕತ್ತಲಲ್ಲಿ ಮೇಲೆ ಕೈಯಾಡಿಸಿದ್ದೇ ಬಂತು."

"ಲೂಪೆ ಅಕ್ಕನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಯಜಮಾನ್ರೇ?"

ಅಪೇಲು ಅವಳನ್ನು ಅಚ್ಚರಿಯಿಂದ ನೋಡಿದ, ಇವಳು ಈ ದ್ವೀಪದಲ್ಲೇ ಹುಟ್ಟಿದವಳಲ್ಲವೇ ಎಂಬಂತೆ.

"ಕೇಳಿದ್ರೆ ಕೊಟ್ಬಿಡ್ತಿದ್ಲು," ಎಂದ.

ವಾಯೋಲಾಳಿಗೆ ಆಗ ಅರ್ಥವಾಯಿತು, ಕೇಳಿದ್ದಕ್ಕೆ ನಾಚಿಕೆಯೂ ಆಯಿತು. ಇಲ್ಲಿ ಒಬ್ಬರು ಒಂದು ವಸ್ತುವನ್ನು ಆಸೆಪಟ್ಟು ಬಾಯಿಬಿಟ್ಟರೆ ಇಲ್ಲ ಎನ್ನುವಂತಿಲ್ಲ. ನೋಡಿ ಕೊಡುತ್ತೇನೆ ಎಂದರೂ ತಗೊಂಡುಬಿಡು ಎನ್ನುತ್ತಾರೆ. ತಂಗಿಯ ಗಂಡ ತಂಗಿಯ ಕೈಕೆಲಸ ಕೇಳಿದರೆ ಲೂಪೆ ಮಗಳನ್ನು ಬರಿಗೈಯಲ್ಲಿ ಕಳಿಸಿಯಾದರೂ ಕೊಡುತ್ತಿದ್ದಳು. ಹುಡುಗಿಗೆ ಚಾಪೆ ತಪ್ಪಬಾರದೆಂದು ಈ ಮನುಷ್ಯ ಕದ್ದಿದ್ದ.

ಆದರೂ ಕಳವು ಕಳವೇ. ರಾತ್ರಿ 7 ಗಂಟೆ 10 ನಿಮಿಷಕ್ಕೆ ಅಪೇಲುವನ್ನು ಬಂಧಿಸಿ, ಸಿರಿಚಾಪೆಯನ್ನು ಒಂದನೇ ವಸ್ತುವಾಗಿಯೂ ಒರಟು ಚಾಪೆಯನ್ನು ಎರಡನೇ ವಸ್ತುವಾಗಿಯೂ ನಮೂದಿಸಲಾಯಿತು. ಠಾಣೆಯಲ್ಲಿ ಎತಿ ತನ್ನ ಬುತ್ತಿಯ ಅರ್ಧ ಕೊಟ್ಟ. ಎತಿಯ ಅರ್ಧವೆಂದರೆ ಉಳಿದವರ ಎರಡು ಊಟ.

ಬುಧವಾರ ಬೆಳಿಗ್ಗೆ ಐದೂವರೆಗೆ ಅಪೇಲು ಇನ್‌ಸ್ಪೆಕ್ಟರನ್ನು ಕೇಳಿದ: "ಒಂದು ಚಾಪೆ ಬೇಕು."

ಯಾಕೆಂದು ಕೇಳಬೇಕಾಗಿರಲಿಲ್ಲ. ತಪ್ಪು ಮಾಡಿದವನು ನೊಂದವರ ಮನೆಯೆದುರು ಬೆಳಗಿನಲ್ಲೇ ಮಂಡಿಯೂರಿ, ತಲೆಯ ಮೇಲೆ ಸಿರಿಚಾಪೆ ಹೊದ್ದು ಕೂರಬೇಕು. ಮನೆಯವರು ಬಂದು ಅದನ್ನು ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಊರು ಬಿಡಬೇಕು. ಅಪೇಲುವಿನ ಮನೆಯ ಸಿರಿಚಾಪೆಗಳೆಲ್ಲ ಫೆತುವಿನ ಸಾವಿನ ಕಾರ್ಯದಲ್ಲಿ ಹೋಗಿದ್ದವು.

"ಒಂದನೇ ವಸ್ತು ದೂರುದಾರರಿಗೆ ಸೇರಿದ್ದು," ಎಂದಳು ವಾಯೋಲಾ. "ಅವರಿಗೇ ಕೊಡಬೇಕು."

"ಅದಲ್ಲ. ಆ ಒರಟುದ್ದು."

ಎತಿ ರಸೀದಿ ಬರೆದ: ಎರಡನೇ ವಸ್ತು, ಆರೋಪಿಯ ವೈಯಕ್ತಿಕ ಉಪಯೋಗಕ್ಕೆ, ತಾತ್ಕಾಲಿಕ.

6 ಗಂಟೆ 10ರಿಂದ ಅಪೇಲು ಲೂಪೆಯ ಮನೆಯೆದುರು ಮರಳಿನಲ್ಲಿ ಮಂಡಿಯೂರಿದ್ದ. ಮೇಲೆ ಸಂತೆಯ ಚಾಪೆ. ಬಂಗಲೆಗಳಿಂದ ಅತಿಥಿಗಳು ಒಬ್ಬೊಬ್ಬರೇ ಎದ್ದು ಬಂದು ನಿಂತರು. ಗ್ರೇಮ್ ಟೋಪಿ ತೆಗೆದ. ಲೆವಾಸಾ ಕೈಕಟ್ಟಿಕೊಂಡು ದೂರ ನಿಂತಿದ್ದ. ವಾಯೋಲಾ ಅಡುಗೆಮನೆಯಲ್ಲಿ ಲೂಪೆಗೆ ಆರೋಪಿಯ ಹೇಳಿಕೆಯನ್ನು ಮೊದಲಿಂದ ಕೊನೆಯ ತನಕ ಓದಿ ಹೇಳಿದಳು. ಲೂಪೆ ಎರಡು ಸಲ ಓದಿಸಿದಳು. ಆಮೇಲೆ ಒಲೆಯ ಮುಂದೆ ಬಹಳ ಹೊತ್ತು ಕೂತಳು. ಹೊರಗೆ ಬಿಸಿಲು ಏರತೊಡಗಿತು. ಎತಿ ಉಗುರು ಕಚ್ಚುತ್ತಿದ್ದ.

6 ಗಂಟೆ 55ಕ್ಕೆ ಲೂಪೆ ಹೊರಬಂದಳು. ಚಾಪೆಯ ಅಂಚು ಹಿಡಿದು ನೋಡಿದಳು.

"ನನ್ನ ಅತಿಥಿ ಬೆನ್ನು ಮುರಿದ ಚಾಪೆ ಇದೇನಾ?"

ಚಾಪೆಯ ಅಡಿಯಿಂದ ಹೌದು ಎಂಬ ದನಿ ಬಂತು.

ಅವಳು ಚಾಪೆ ಎತ್ತಿ ಪಕ್ಕಕ್ಕೆಸೆದಳು. "ಏಳು. ನೀನು ಕೇಳಿದ್ರೆ ಕೊಟ್ಟೇ ಬಿಡ್ತಿದ್ದೆ. ಮಗು ಬರಿಗೈಲಿ ಹೋಗ್ತಿತ್ತು. ಕದ್ದಿದ್ದೇ ಒಳ್ಳೇದಾಯ್ತು, ದಡ್ಡ ಮುಂಡೇದೆ." ಎಂದವಳೇ ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ಎರಡು ವರ್ಷದಿಂದ ಒಂದೇ ಊರಲ್ಲಿದ್ದು, ಇಬ್ಬರೂ ಬೇರೆ ಬೇರೆ ಕೂತು ಅತ್ತಿದ್ದರು.

ಅವಳು ಚಾಪೆ ಎತ್ತಿದ ಮೇಲೆ ಲೆವಾಸಾಗೂ ಊರು ಬಿಡಿಸುವ ಮಾತಿಲ್ಲ. ದಂಡವಾಗಿ ಎರಡು ಹಂದಿ ಎಂದ. ಮದುವೆಯ ಊಟಕ್ಕೇ ಕೊಡತಕ್ಕದ್ದು.

ಲೂಪೆ ದೂರು ಹಿಂಪಡೆಯುತ್ತೇನೆ ಎಂದಳು. ಎಫ್‌ಐಆರ್ ಆದ ಮೇಲೆ ಅದು ತನ್ನ ಕೈಯಲ್ಲಿಲ್ಲ, ಕ್ಷಮೆಯಾದದ್ದನ್ನೂ ವರದಿಯಲ್ಲಿ ಸೇರಿಸುತ್ತೇನೆ, ನ್ಯಾಯಾಧೀಶರು ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ ಎಂದು ವಾಯೋಲಾ ವಿವರಿಸಿ, ಮುಚ್ಚಳಿಕೆ ಬರೆಸಿಕೊಂಡು ಅಪೇಲುವನ್ನು ಬಿಟ್ಟಳು. ಸಿರಿಚಾಪೆಯನ್ನು ಲೂಪೆಯ ಸುಪರ್ದಿಗೆ ಕೊಟ್ಟಳು.

ಲೂಪೆ ಅದನ್ನು ಹಾಸಿಗೆಯಡಿ ಇಡಲಿಲ್ಲ. ಗ್ರೇಮ್‌ನನ್ನು ಒಂದನೇ ಬಂಗಲೆಗೆ ಕಳಿಸಿ, ಮೂರನೆಯದರ ಎಲ್ಲ ತಟ್ಟಿಗಳನ್ನೂ ಎತ್ತಿಸಿ, ಹಗಲು ಬೆಳಕಿನಲ್ಲಿ ಸಿರಿಚಾಪೆಯನ್ನು ಪೂರ್ತಿ ಬಿಚ್ಚಿ ಹಾಸಿದಳು. ಬುಧವಾರ, ಗುರುವಾರ, ಶುಕ್ರವಾರ ಅದು ಹಾಗೇ ಇತ್ತು. ಫೆತು ಅದನ್ನು ಹೆಣೆದದ್ದೂ ಅದೇ ಜಗಲಿಯಲ್ಲಿ, ಅದಿನ್ನೂ ಬಂಗಲೆಯಾಗದಿದ್ದ ಕಾಲದಲ್ಲಿ. ಅಪೇಲು ಬೆಳಿಗ್ಗೆ ಬಂದು ಕೂತರೆ ಸಂಜೆ ಏಳುತ್ತಿದ್ದ. ಚಾಪೆಯ ನಡುವೆ ಒಂದು ಕಡೆ ಎಳೆಗಳು ಸ್ವಲ್ಪ ಕಂದಾಗಿದ್ದವು.

"ಇಲ್ಲೇನಾಗಿದೆ ಅಕ್ಕ?"

"ನಿನ್ನ ಹಡಗು ಚಂಡಮಾರುತಕ್ಕೆ ಸಿಕ್ಕಿ ಸುದ್ದಿ ಇರ್ಲಿಲ್ವಲ್ಲ, ಆಗ ಹನ್ನೆರಡು ದಿನ ಮುಟ್ಟಲಿಲ್ಲ ಅವಳು. ಸೀಳಿಟ್ಟ ಎಲೆ ಕಪ್ಪಿಟ್ಟಿತು. ಬಿಚ್ಚಿ ಬೇರೆ ಹಾಕು ಅಂದೆ. ಇರ್ಲಿ, ಅವ್ರು ಬದುಕಿ ಉಳಿದಿದ್ದು ಇದರಲ್ಲೇ ಇದೆ ಅಂದ್ಲು."

ಅಪೇಲು ಆ ಕಂದುಗೆರೆಯ ಮೇಲೆ ಎರಡು ಬೆರಳಿಟ್ಟ. ಸರಿಯಾಗಿ ಹೊಂದಿತು. ಮೂರು ಸಂಜೆಯೂ ಅವನು ದೊಡ್ಡ ಮನೆಯೊಳಗೇ ಕೂತು ಹಾಡಿದ. ದೋಣಿಯನ್ನು ಮುಂದಿನ ವಾರಕ್ಕೆ ಹಾಕಿಕೊಂಡ ಗ್ರೇಮ್, ಈಗ ದನಿ ಸರಿಯಾದ ಕಡೆಯಿಂದ ಬರುತ್ತಿದೆ ಎಂದು ಎತಿಗೆ ಹೇಳಿದ. ಶನಿವಾರ ಸಿರಿಚಾಪೆ ಹೋಯಿತು. ಜನ ಕೂಗಿದರು, ಅಪೇಲುವೂ ಕೂಗಿದ.

ಸೋಮವಾರ, ಜುಲೈ 20ರಂದು ವಾಯೋಲಾ ಅಂತಿಮ ವರದಿ ಬರೆಯಲು ಕುಳಿತಳು. ಕೊನೆಯ ಪುಟದಲ್ಲಿ 'ಅಪರಾಧಕ್ಕೆ ಪ್ರೇರಣೆ' ಎಂಬ ಕಲಮಿಗೆ ಒಂದೇ ಸಾಲಿನ ಜಾಗವಿದೆ. ದುರಾಸೆ ಎಂದೋ ದ್ವೇಷ ಎಂದೋ ಬರೆಯುವುದು ವಾಡಿಕೆ ಎಂದು ಎತಿ ನೆನಪಿಸಿದ. ಅವಳು ಬರೆದಳು: "ಕೇಳಿದ್ದರೆ ಕೊಡುತ್ತಿದ್ದರು, ಆದ್ದರಿಂದ ಕೇಳಲಿಲ್ಲ."

ವರದಿ ದೋಣಿಯಲ್ಲಿ ರಾಜಧಾನಿ ಅಪಿಯಾದ ಕಚೇರಿಗೆ ಹೋಯಿತು. ಅಲ್ಲಿಯ ಗುಮಾಸ್ತರು ಅಲ್ಪವಿರಾಮ ತಪ್ಪಿದರೂ ಪತ್ರ ಬರೆಯುವವರು. ಆ ಸಾಲಿಗೆ ವಿವರಣೆ ಕೇಳಿ ಯಾರೂ ಬರೆಯಲಿಲ್ಲ.